ಚಿತ್ರಗಳಿಗೆ ಮಾತು ಕೂಡಿಸುವ ಪಾಠ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಈಗಿನ ಹುಡುಗಿಯರ ಹೆತ್ತವರಿಗೂ ಈ ಸ್ಮರಣ ಸಂಚಿಕೆಯ ಮೂಲಕ ಒಂದು ಪಾಠದ ವಿವರವನ್ನು ತಿಳಿಸಬೇಕೆಂದು ನಾವು ಬಹುದಿನಗಳಿಂದ ಆಲೋಚಿಸುತ್ತಿದ್ದೆವು. ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಗೆ ಒಂದು ವಿಷಯವನ್ನು ಕೊಟ್ಟು ಪ್ರಬಂಧವನ್ನು ಬರೆದು ತಾ ಎಂದರೆ, ಅವಳು ಹತ್ತು ಪುಟಗಳನ್ನು ಅಂದವಾಗಿ ಬರೆದು, ನಡುವೆ ಎರಡು ಚಿತ್ರಗಳನ್ನು ಅಂಟಿಸಿ ತರುತ್ತಿದ್ದಳು. ಈಗ ಅದರ ಜೊತೆಯಲ್ಲಿ, ಚಿತ್ರಗಳನ್ನು ಒಂದರ ಹಿಂದೆ ಒಂದಾಗಿ ಪೋಣಿಸಿ, ಅವುಗಳಿಗೆ ತನ್ನ ದನಿಯಿಂದ ವಿವರಣೆಯನ್ನು ಕೂಡಿಸಿ, ನಾಲ್ಕು ನಿಮಿಷಗಳ ವಿಡಿಯೋವನ್ನು ಮಾಡಿ ತರುವ ಕ್ರಮವೂ ಬಂದಿದೆ.

ಇದನ್ನು ಕಂಡ ಹೆತ್ತವರಲ್ಲಿ ಕೆಲವರು, "ಮಗಳು ಮೊಬೈಲನ್ನು ಹಿಡಿದುಕೊಂಡು ಕೂತಿರುವುದೂ ಒಂದು ಪಾಠವೇ?" ಎಂದು ನಮ್ಮನ್ನು ಕೇಳುವುದುಂಟು. ಬೇರೆ ಕೆಲವರು ಮಗಳ ಕೆಲಸವನ್ನು ತಾವೇ ಮಾಡಿಕೊಟ್ಟೋ ಅಂಗಡಿಯವರಿಂದ ಮಾಡಿಸಿಯೋ ಕಳುಹಿಸುವುದೂ ಉಂಟು. ಮೊದಲಿನವರ ಸಂದೇಹವೂ ಎರಡನೆಯವರ ಉತ್ಸಾಹವೂ ಒಂದೇ ಕಾರಣದಿಂದ ಹುಟ್ಟುತ್ತವೆ. ಏನೆಂದರೆ, ಈ ಕೆಲಸದಲ್ಲಿ ಹುಡುಗಿಯು ಕಲಿಯತಕ್ಕದ್ದು ಯಾವುದು ಎಂಬುದು ಅವರಿಗೆ ತಿಳಿಯದಿರುವುದು. ಆದಕಾರಣ ಅದನ್ನು ಕ್ರಮವಾಗಿ ವಿವರಿಸುತ್ತೇವೆ. ನಮ್ಮ ಒಂಬತ್ತನೆಯ ತರಗತಿಯ ಒಂದು ಗುಂಪಿನವರು ಮಂಗಳೂರು ಹಂಚಿನ ವಿಷಯವಾಗಿ ಮಾಡಿದ ಕೆಲಸವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುವೆವು.

೧. ಇದು ಹೊಸ ವಿದ್ಯೆಯಲ್ಲ

ಚಿತ್ರವನ್ನು ತೋರಿಸುತ್ತಾ ಕಥೆಯನ್ನು ಹೇಳುವುದು ನಮ್ಮ ಸೀಮೆಗೆ ಬಹಳ ಹಳೆಯದು. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಪಿಂಗುಳಿಯಲ್ಲಿ ಚಿತ್ರಕಥಿಯೆಂಬ ಕಲೆ ಉಂಟು. ಕಥೆ ಹೇಳುವವನು ರಾಮಾಯಣ ಭಾರತಗಳ ಪ್ರಸಂಗಗಳನ್ನು ಬರೆದ ಹಾಳೆಗಳನ್ನು ಒಂದೊಂದಾಗಿ ಎತ್ತಿ ಹಿಡಿದು, ಹಾಡುತ್ತಾ ವಿವರಿಸುತ್ತಾ ಹೋಗುವನು. ನಮ್ಮ ನಾಡಿನ ತೊಗಲುಗೊಂಬೆಯವರು ದೀಪದ ಮುಂದೆ ಬಣ್ಣದ ತೊಗಲನ್ನು ಹಿಡಿದು ಪರದೆಯ ಮೇಲೆ ಕಥೆಯನ್ನು ಆಡಿಸುವರು. ಯುರೋಪಿನಲ್ಲಿ ೧೬೫೯ನೆಯ ಇಸವಿಯ ಹೊತ್ತಿಗೆ ಹಾಲೆಂಡಿನ ಶಾಸ್ತ್ರಜ್ಞನಾದ ಕ್ರಿಸ್ಟಿಯಾನ್ ಹೈಗನ್ಸನು ಮಾಯಾದೀಪವನ್ನು ರಚಿಸಿದನು. ಗಾಜಿನ ಮೇಲಣ ಚಿತ್ರವನ್ನು ದೀಪದ ಬೆಳಕಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಕಾಣಿಸುವ ಈ ಯಂತ್ರವನ್ನು ಮುಂದೆ ಪಾಠಶಾಲೆಗಳಲ್ಲಿಯೂ ಮಿಶನಿನವರ ಸಭೆಗಳಲ್ಲಿಯೂ ಹೇರಳವಾಗಿ ಉಪಯೋಗಿಸಿದರು.

ಅಚಲವಾದ ಛಾಯಾಚಿತ್ರಗಳಿಂದಲೇ ಚಲಚ್ಚಿತ್ರವನ್ನು ಮಾಡಬಹುದೆಂಬುದಕ್ಕೆ ಒಂದು ಉತ್ತಮವಾದ ನಿದರ್ಶನವು ೧೯೫೭ರಲ್ಲಿ ಹೊರಬಂತು. ಕೆನಡಾ ದೇಶದ ನ್ಯಾಶನಲ್ ಫಿಲ್ಮ್ ಬೋರ್ಡಿನ ಕಾಲಿನ್ ಲೋ ಮತ್ತು ವುಲ್ಫ್ ಕೋನಿಗ್ ಎಂಬವರು 'ಸಿಟಿ ಆಫ್ ಗೋಲ್ಡ್' ಎಂಬ ಚಿತ್ರವನ್ನು ಮಾಡಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಿನ್ನದ ಆಸೆಯಿಂದ ಸಾವಿರಾರು ಜನರು ಡಾಸನ್ ಎಂಬ ಊರಿಗೆ ಹರಿದುಬಂದ ಸಂಗತಿಯು ಅದರ ವಿಷಯ. ಆ ಕಾಲದಲ್ಲಿ ಗಾಜಿನ ಫಲಕಗಳ ಮೇಲೆ ತೆಗೆದ ಛಾಯಾಚಿತ್ರಗಳ ಮೇಲೆ ಕ್ಯಾಮರವು ಮೆಲ್ಲಮೆಲ್ಲನೆ ಸರಿಯುವಾಗ, ಸತ್ತುಹೋದ ಜನರು ತಿರುಗಿ ನಡೆಯುವಂತೆ ತೋರುವುದು. ವಿವರಣೆಯನ್ನು ಹೇಳಿದವನು ಪಿಯರ್ ಬರ್ಟನ್. ಇವನು ಆ ಊರಿನಲ್ಲಿಯೇ ಬೆಳೆದವನು. ಅಮೇರಿಕದ ಕೆನ್ ಬರ್ನ್ಸ್ ಎಂಬವರು ೧೯೯೦ರಲ್ಲಿ ತಮ್ಮ ದೇಶದ ಅಂತರ್ಯುದ್ಧದ ವಿಷಯವಾಗಿ ಒಂಬತ್ತು ಭಾಗಗಳ ದೊಡ್ಡ ಚಿತ್ರವನ್ನು ಇದೇ ರೀತಿಯಲ್ಲಿ ಹಳೆಯ ಛಾಯಾಚಿತ್ರಗಳಿಂದ ಮಾಡಿದರು. ಚಿತ್ರದ ಮೇಲೆ ನಿಧಾನವಾಗಿ ಸರಿಯುವ ಆ ಕ್ರಮಕ್ಕೆ ಈಗ ಅವರ ಹೆಸರೇ ನಿಂತಿದೆ. ಈ ಇಬ್ಬರ ಕೆಲಸದಿಂದ ನಮ್ಮ ಹುಡುಗಿಯರು ಕಲಿಯಬೇಕಾದ ಸಂಗತಿಯೇನೆಂದರೆ, ಒಳ್ಳೆಯ ಚಿತ್ರವೂ ನೆಟ್ಟಗಿನ ಮಾತೂ ಇದ್ದರೆ ಥಳಕಿನ ಅಗತ್ಯವಿಲ್ಲ.

೨. ವಿಷಯವನ್ನು ಚಿಕ್ಕದಾಗಿ ಮಾಡಿಕೊಳ್ಳುವುದು

ಹುಡುಗಿಯರು ಮೊದಲು ತಂದ ವಿಷಯವು 'ಮಂಗಳೂರಿನ ಚರಿತ್ರೆ' ಎಂಬುದಾಗಿತ್ತು. ನಾಲ್ಕು ನಿಮಿಷಗಳಲ್ಲಿ ಒಂದು ಪಟ್ಟಣದ ಚರಿತ್ರೆಯನ್ನು ಹೇಳಹೊರಟರೆ ಇಸವಿಗಳ ಪಟ್ಟಿಯ ಹೊರತು ಬೇರೇನೂ ಉಳಿಯದು. ಅದನ್ನು 'ಮಂಗಳೂರು ಹಂಚು' ಎಂದು ಕಿರಿದು ಮಾಡಿದರು. ಅದೂ ದೊಡ್ಡದಾಯಿತು. ಕೊನೆಗೆ, 'ಹೊಳೆಯ ದಡದ ಮಣ್ಣು ನಮ್ಮ ಮನೆಯ ಮಾಡಿನ ಮೇಲೆ ಹೇಗೆ ಏರಿತು? ಅದನ್ನು ಏರಿಸಿದವರು ಯಾರು?' ಎಂಬ ಎರಡು ಪ್ರಶ್ನೆಗಳಿಗೆ ಬಂದು ನಿಂತರು. ವಿಷಯವು ಪ್ರಶ್ನೆಯ ರೂಪಕ್ಕೆ ಬಂದ ಕೂಡಲೇ ಯಾವ ಚಿತ್ರ ಬೇಕು, ಯಾವುದು ಬೇಡ ಎಂಬುದು ತಾನೇ ತಿಳಿದುಬರುವುದು. ಹೆತ್ತವರು ಸಹಾಯ ಮಾಡಬಹುದಾದ ಮೊದಲನೆಯ ಸ್ಥಳವು ಇದು. "ನೀನು ಯಾವ ಪ್ರಶ್ನೆಗೆ ಉತ್ತರ ಹೇಳುತ್ತೀ, ಮಗೂ?" ಎಂದು ಕೇಳಿರಿ. ಅವಳು ಒಂದೇ ವಾಕ್ಯದಲ್ಲಿ ಹೇಳಲಾರದೆ ಹೋದರೆ ವಿಷಯವು ಇನ್ನೂ ದೊಡ್ಡದಾಗಿದೆ ಎಂದು ತಿಳಿಯಬೇಕು.

ತರುವಾಯ ತಿಳಿದ ಸಂಗತಿಗಳನ್ನು ಬರೆದುಕೊಂಡರು. ೧೮೬೫ರಲ್ಲಿ ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟರ ಪ್ರಯತ್ನದಿಂದ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯು ಆರಂಭವಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮಿಶನಿನ ಕಾರ್ಖಾನೆಗಳು ಕೈತಪ್ಪಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿನವರ ವಶವಾದವು. ಮಣ್ಣನ್ನು ಅಗೆದು ತರುವುದು, ಕಲಸಿ ಹದ ಮಾಡುವುದು, ಅಚ್ಚಿನಲ್ಲಿ ಒತ್ತುವುದು, ನೆರಳಿನಲ್ಲಿ ಒಣಗಿಸುವುದು, ಗೂಡಿನಲ್ಲಿ ಸುಡುವುದು, ಇವು ಹಂಚಿನ ಕೆಲಸದ ಐದು ಮೆಟ್ಟಲುಗಳು. ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ ಸುಟ್ಟ ಹಂಚಿಗೆ ಕೆಂಪು ಬಣ್ಣ ಬರುತ್ತದೆ. ಈ ಐದು ಮೆಟ್ಟಲುಗಳೇ ವಿಡಿಯೋದ ಐದು ಭಾಗಗಳಾದವು.

೩. ಚಿತ್ರಗಳ ಸಂಗ್ರಹವೂ ಅವುಗಳ ಲೆಕ್ಕವೂ

ಚಿತ್ರಗಳು ಮೂರು ವಿಧ: ಹಳೆಯ ಛಾಯಾಚಿತ್ರಗಳು, ಹುಡುಗಿಯರು ತಾವೇ ತೆಗೆದವುಗಳು, ಕೈಯಿಂದ ಬರೆದ ನಕ್ಷೆ ಮತ್ತು ಚಿತ್ರಗಳು. ಪ್ರತಿಯೊಂದು ಗುಂಪಿಗೂ ನಾವು ಒಂದು ಲೆಕ್ಕದ ಪುಸ್ತಕವನ್ನು ಕೊಡುತ್ತೇವೆ. ಅದರಲ್ಲಿ ಚಿತ್ರದ ಕ್ರಮಸಂಖ್ಯೆ, ಅದರಲ್ಲಿ ಕಾಣುವುದೇನು, ತೆಗೆದವರು ಯಾರು, ಯಾವಾಗ, ಎಲ್ಲಿಂದ ಸಿಕ್ಕಿತು, ಉಪಯೋಗಿಸಲು ಅಪ್ಪಣೆ ಕೊಟ್ಟವರು ಯಾರು ಎಂಬ ಆರು ಕಾಲಮುಗಳಿರುತ್ತವೆ. ಒಂದು ಕಾಲಮು ಖಾಲಿಯಾಗಿದ್ದರೆ ಆ ಚಿತ್ರವನ್ನು ಬದಿಗಿಟ್ಟು ವಿಚಾರಿಸಬೇಕು. ಹುಡುಗಿಯರಿಗೆ ಅತ್ಯಂತ ಬೇಸರದ ಕೆಲಸ ಇದೇ. ಅತ್ಯಂತ ಉಪಯುಕ್ತವಾದ ಕೆಲಸವೂ ಇದೇ.

ಬಾಸೆಲಿನಲ್ಲಿರುವ ಮಿಶನ್ ದಫ್ತರಖಾನೆಯವರು ತಮ್ಮಲ್ಲಿರುವ ಹಳೆಯ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲಿ ನೋಡುವುದಕ್ಕೆ ಇಟ್ಟಿದ್ದಾರೆ. ಅಂಥ ಸಂಗ್ರಹಗಳಲ್ಲಿ ಚಿತ್ರದ ಕೆಳಗೆ ವಿವರವೂ ಉಪಯೋಗದ ನಿಯಮವೂ ಬರೆದಿರುವುದರಿಂದ ಮೊದಲು ಅವುಗಳನ್ನು ಓದಬೇಕು. ಕೇವಲ ಹುಡುಕುಯಂತ್ರದಲ್ಲಿ ಹೆಸರು ಬರೆದು ಸಿಕ್ಕಿದ ಚಿತ್ರವನ್ನು ಎತ್ತಿಕೊಳ್ಳಬಾರದು. ನಮ್ಮ ದೇಶದ ೧೯೫೭ನೆಯ ಇಸವಿಯ ಕೃತಿಸ್ವಾಮ್ಯದ ಕಾನೂನಿನ ಈಗಿನ ರೂಪದ ಪ್ರಕಾರ, ಚಿತ್ರ ತೆಗೆದವನ ಹಕ್ಕು ಸಾಮಾನ್ಯವಾಗಿ ಅವನ ಜೀವಮಾನವೂ ಅವನು ತೀರಿಕೊಂಡ ಮೇಲೆ ೬೦ ವರ್ಷಗಳೂ ನಡೆಯುವುದು. ಪಾಠದ ಸಂದರ್ಭದಲ್ಲಿ ಗುರುವಾಗಲಿ ಶಿಷ್ಯರಾಗಲಿ ಉಪಯೋಗಿಸುವುದಕ್ಕೆ ಕಾನೂನು ಎಡೆ ಕೊಟ್ಟಿದೆ. ಆದರೆ ತರಗತಿಯಲ್ಲಿ ತೋರಿಸುವುದು ಬೇರೆ, ಲೋಕಕ್ಕೆಲ್ಲ ಕಾಣುವಂತೆ ಜಾಲದಲ್ಲಿ ಹಾಕುವುದು ಬೇರೆ. ಎರಡನೆಯದಕ್ಕೆ ಅಪ್ಪಣೆ ಬೇಕು.

ಮನೆಯ ಆಲ್ಬಮಿನ ಹಳೆಯ ಚಿತ್ರವನ್ನು ಸ್ಕ್ಯಾನ್ ಮಾಡುವಾಗ ಒಂದು ಚಿಕ್ಕ ಲೆಕ್ಕವನ್ನು ಹುಡುಗಿಯರು ಮಾಡಿಕೊಳ್ಳಲಿ. ವಿಡಿಯೋದ ಪರದೆಯು ಅಡ್ಡಕ್ಕೆ ೧೯೨೦, ಎತ್ತರಕ್ಕೆ ೧೦೮೦ ಬಿಂದುಗಳದ್ದು. ೬ ಅಂಗುಲ ಅಗಲದ ಚಿತ್ರವನ್ನು ಅಂಗುಲಕ್ಕೆ ೩೦೦ ಬಿಂದುಗಳಂತೆ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ ೧,೮೦೦ ಬಿಂದುಗಳು ಬರುತ್ತವೆ. ಇದು ಪರದೆಗೇ ಸಾಲದು. ೬೦೦ರಂತೆ ಮಾಡಿದರೆ ೩,೬೦೦ ಬರುತ್ತವೆ. ಆಗ ಚಿತ್ರದ ಒಂದು ಮೂಲೆಯ ಮುಖವನ್ನು ಹತ್ತಿರಕ್ಕೆ ತಂದು ತೋರಿಸಿದರೂ ಮಸಕಾಗುವುದಿಲ್ಲ. ಸ್ಕ್ಯಾನರ್ ಇಲ್ಲದವರು ಚಿತ್ರವನ್ನು ಆಲ್ಬಮಿನಿಂದ ಕೀಳದೆ, ಕಿಟಕಿಯ ಬಳಿ ನೇರವಾದ ಬಿಸಿಲು ಬೀಳದ ಕಡೆಯಲ್ಲಿ ಇರಿಸಿ, ಫ್ಲ್ಯಾಶ್ ಆರಿಸಿ, ಮೊಬೈಲನ್ನು ಚಿತ್ರಕ್ಕೆ ಸಮಾಂತರವಾಗಿ ಹಿಡಿದು ತೆಗೆಯಬಹುದು. ತಾವೇ ತೆಗೆಯುವ ಹೊಸ ಚಿತ್ರಗಳಿಗೆ ಮೊಬೈಲನ್ನು ಅಡ್ಡವಾಗಿ ಹಿಡಿಯಬೇಕು.

೪. ಬರಹವು ಮೊದಲು, ಯಂತ್ರವು ಆಮೇಲೆ

ಹೆಚ್ಚಿನ ಮಕ್ಕಳು ಮೊದಲು ಯಂತ್ರವನ್ನು ತೆರೆದು ಚಿತ್ರಗಳನ್ನು ಜೋಡಿಸಿ, ಬಳಿಕ ತೋಚಿದ್ದನ್ನು ಮಾತಾಡುತ್ತಾರೆ. ನಮ್ಮಲ್ಲಿ ಬರಹವು ಸಿದ್ಧವಾಗಿ ಉಪಾಧ್ಯಾಯಿನಿಯ ಸಹಿ ಬೀಳುವವರೆಗೆ ಯಂತ್ರವನ್ನು ಮುಟ್ಟಗೊಡಿಸುವುದಿಲ್ಲ. ಕಾಗದವನ್ನು ನಡುವೆ ಗೆರೆ ಎಳೆದು ಎರಡು ಪಾಲು ಮಾಡಿ, ಎಡಗಡೆಯಲ್ಲಿ ಚಿತ್ರದ ಸಂಖ್ಯೆಯನ್ನೂ ಬಲಗಡೆಯಲ್ಲಿ ಅದಕ್ಕೆ ಹೇಳುವ ಮಾತನ್ನೂ ಬರೆಯಬೇಕು. ನಮ್ಮ ಹುಡುಗಿಯರು ಕೇಳುವವರಿಗೆ ತಿಳಿಯುವಂತೆ ನಿಧಾನವಾಗಿ ಓದಿದರೆ ಒಂದು ನಿಮಿಷಕ್ಕೆ ೮೦ರಿಂದ ೯೦ ಕನ್ನಡ ಶಬ್ದಗಳಾಗುತ್ತವೆ ಎಂಬುದನ್ನು ಗಡಿಯಾರ ಹಿಡಿದು ನೋಡಿದ್ದೇವೆ. ಹಾಗಾದರೆ ನಾಲ್ಕು ನಿಮಿಷಗಳಿಗೆ ಸುಮಾರು ೩೪೦ ಶಬ್ದಗಳು ಸಾಕು. ಚಿತ್ರವೊಂದಕ್ಕೆ ಸರಾಸರಿ ಎಂಟು ಸೆಕೆಂಡುಗಳಂತೆ ೩೦ ಚಿತ್ರಗಳು ಬೇಕಾಗುವುವು. ೯೦ ಚಿತ್ರಗಳನ್ನು ತಂದವಳು ೬೦ನ್ನು ಬಿಡಲು ಕಲಿಯಬೇಕು. ಬಿಡುವುದನ್ನು ಕಲಿಯುವುದೂ ವಿದ್ಯೆಯ ಒಂದು ಭಾಗ.

ಬರಹದಲ್ಲಿ ಮುಖ್ಯವಾದ ನಿಯಮವೊಂದುಂಟು. ಕಣ್ಣಿಗೆ ಕಾಣುವುದನ್ನು ಬಾಯಿಂದ ಹೇಳಬೇಡ. ಕಣ್ಣಿಗೆ ಕಾಣದ್ದನ್ನು ಹೇಳು. ಗುಂಪಿನವರು ಮೊದಲು ಬರೆದ ವಾಕ್ಯವು ಹೀಗಿತ್ತು: "ಈ ಚಿತ್ರದಲ್ಲಿ ಹೆಂಗಸರು ಹಸಿ ಹಂಚುಗಳನ್ನು ಹೊತ್ತುಕೊಂಡು ನಡೆಯುತ್ತಿದ್ದಾರೆ." ಇದನ್ನು ನೋಡುವವರು ತಾವೇ ಕಾಣುವರು. ತಿದ್ದಿದ ವಾಕ್ಯವು ಹೀಗಾಯಿತು: "ಹಸಿ ಹಂಚು ಕೈಜಾರಿದರೆ ಆ ಮಣ್ಣನ್ನು ತಿರುಗಿ ಕಲಸಬಹುದು. ಬೆಂದ ಹಂಚು ಒಡೆದರೆ ಅದು ಮತ್ತೆ ಮಣ್ಣಾಗದು." ಈಗ ನೋಡುವವರು ಆ ಹೆಂಗಸರ ಹೆಜ್ಜೆಯನ್ನು ಬೇರೆ ಮನಸ್ಸಿನಿಂದ ನೋಡುತ್ತಾರೆ. ವಾಕ್ಯಗಳು ಚಿಕ್ಕವಾಗಿರಬೇಕು, ಯಾಕಂದರೆ ಪುಸ್ತಕದ ಓದುಗನು ಹಿಂದಿನ ಸಾಲಿಗೆ ತಿರುಗಿ ಹೋಗಬಲ್ಲನು, ಕೇಳುವವನು ಹೋಗಲಾರನು. ಇಸವಿಗಳನ್ನು ಓದುವವಳು ತಡವರಿಸದಂತೆ 'ಸಾವಿರದ ಎಂಟುನೂರ ಅರುವತ್ತೈದು' ಎಂದು ಅಕ್ಷರದಲ್ಲಿಯೇ ಬರೆದಿಟ್ಟುಕೊಳ್ಳಬೇಕು.

೫. ಒಂದು ಚಿತ್ರದ ವಿಷಯವಾಗಿ ನಡೆದ ಚರ್ಚೆ

ಕೆಲಸವನ್ನು ಒಪ್ಪಿಸುವುದಕ್ಕೆ ಮೂರು ದಿನಗಳಿರುವಾಗ ಈ ಗುಂಪಿನವರಿಗೆ ಒಂದು ತೊಡಕು ಬಂತು. ಮಣ್ಣು, ಅಚ್ಚು, ಒಣಗಿಸುವ ಅಟ್ಟಣೆ, ಎಲ್ಲದಕ್ಕೂ ಚಿತ್ರಗಳಿದ್ದವು. ಹಂಚು ಸುಡುವ ಗೂಡಿಗೆ ಮಾತ್ರ ಇರಲಿಲ್ಲ. ಅಂತರ್ಜಾಲದಲ್ಲಿ 'ಮಂಗಳೂರಿನ ಹಳೆಯ ಹಂಚಿನ ಗೂಡು' ಎಂಬ ಹೆಸರಿನಿಂದ ಸಿಕ್ಕಿದ ಒಂದು ಚಿತ್ರವನ್ನು ಪರೀಕ್ಷಿಸಿದಾಗ, ಅದೇ ಚಿತ್ರಕ್ಕೆ ಬೇರೊಂದು ಕಡೆಯಲ್ಲಿ ಬೇರೆ ಊರಿನ ಹೆಸರನ್ನು ಬರೆದಿದ್ದರು. ಲೆಕ್ಕದ ಪುಸ್ತಕದ ಕಾಲಮು ಖಾಲಿಯೇ ಉಳಿಯಿತು. ಆಗ ಒಬ್ಬ ಹುಡುಗಿಯು ಕೃತಕ ಬುದ್ಧಿಯ ಯಂತ್ರಕ್ಕೆ ಹೇಳಿ ಒಂದು ಚಿತ್ರವನ್ನು ಮಾಡಿಸಿ ತಂದಳು. ಹಳೆಯ ಕಾಲದ ಛಾಯಾಚಿತ್ರದಂತೆ ಕಂದು ಬಣ್ಣ, ತೆರೆದ ಗೂಡಿನ ಬಾಗಿಲಲ್ಲಿ ಉರಿಯುವ ಬೆಂಕಿ, ಅದರ ಮುಂದೆ ಹಂಚು ಹೊತ್ತ ಹೆಂಗಸರು. ನೋಡಲು ಬಹಳ ಸೊಗಸಾಗಿತ್ತು. ಗುಂಪಿನಲ್ಲಿ ಇಬ್ಬರು ಅದನ್ನು ಹಾಕೋಣವೆಂದರು, ಇಬ್ಬರು ಕೂಡದೆಂದರು, ಐದನೆಯವಳು ಏನೂ ಹೇಳಲಿಲ್ಲ.

ಹೇಳದೆ ಇದ್ದವಳ ಅಜ್ಜಿಯು ಹಲವು ವರ್ಷ ಹಂಚಿನ ಕಾರ್ಖಾನೆಯಲ್ಲಿ ಕೂಲಿ ಮಾಡಿದವರು. ಈ ಸಂಗತಿಯನ್ನು ಅವಳು ಗೆಳತಿಯರಿಗೆ ತಿಳಿಸಿಯೇ ಇರಲಿಲ್ಲ. ವೈದ್ಯರ ಮಕ್ಕಳೂ ಬ್ಯಾಂಕಿನವರ ಮಕ್ಕಳೂ ಇರುವ ತರಗತಿಯಲ್ಲಿ ಅದನ್ನು ಹೇಳಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಒಂದು ತಿಂಗಳು 'ಹಂಚು ಮಾಡಿದವರು ಯಾರು?' ಎಂಬ ಪ್ರಶ್ನೆಗೆ ಪುಸ್ತಕಗಳಲ್ಲಿ ಉತ್ತರವನ್ನು ಹುಡುಕುತ್ತಿದ್ದವಳು, ಉತ್ತರವನ್ನು ಮನೆಯಲ್ಲಿಯೇ ಇಟ್ಟುಕೊಂಡು ಬರುತ್ತಿದ್ದಳು. ಆ ದಿನ ಸಾಯಂಕಾಲ ಆ ಯಂತ್ರದ ಚಿತ್ರವನ್ನು ಅಜ್ಜಿಗೆ ತೋರಿಸಿದಳು. ಅಜ್ಜಿಯು ಕನ್ನಡಕವನ್ನು ಹಾಕಿಕೊಂಡು ನೋಡಿ ತುಳುವಿನಲ್ಲಿ ಹೇಳಿದ ಮಾತಿನ ಭಾವವು ಇದು: "ಇದನ್ನು ಬರೆದವರು ಗೂಡನ್ನು ಕಂಡವರಲ್ಲ, ಮಗಾ. ಬೆಂಕಿ ಹಾಕುವ ಮೊದಲು ಬಾಗಿಲಿಗೆ ಇಟ್ಟಿಗೆ ಕಟ್ಟಿ ಮಣ್ಣು ಮೆತ್ತುತ್ತಿದ್ದರು. ಬಾಗಿಲು ತೆರೆದಿಟ್ಟರೆ ಹಂಚು ಬೇಯುವುದುಂಟೋ?"

ಮರುದಿನ ಬೆಳಿಗ್ಗೆ ಅವಳು ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, "ಟೀಚರ್, ಆ ಚಿತ್ರ ಸುಳ್ಳು. ನನ್ನ ಅಜ್ಜಿ ಹೇಳಿದರು. ಅವರು ಅಲ್ಲಿ ಕೆಲಸ ಮಾಡಿದವರು," ಎಂದು ಒಂದೇ ಉಸಿರಿನಲ್ಲಿ ಹೇಳಿದಳು. "ಇದನ್ನು ನಿನ್ನ ಗುಂಪಿನವರಿಗೆ ನೀನೇ ಹೇಳಬೇಕು, ಮಗೂ," ಎಂದೆವು. ಅವಳು ಹೋಗಿ ಹೇಳಿದಳು. ಯಂತ್ರದ ಚಿತ್ರವನ್ನು ತಂದಿದ್ದ ಹುಡುಗಿಯೇ ಮೊದಲು ಎದ್ದು, "ಹಾಗಾದರೆ ಇವತ್ತು ಶಾಲೆ ಬಿಟ್ಟ ಮೇಲೆ ನಿನ್ನ ಅಜ್ಜಿಯ ಹತ್ತಿರ ಹೋಗೋಣ," ಎಂದಳಂತೆ. ಐವರೂ ಹೋದರು. ಅಜ್ಜಿ ಹೇಳುತ್ತಾ ಹೋದರು. ಚಿತ್ರ ಬರೆಯಬಲ್ಲ ಹುಡುಗಿಯೊಬ್ಬಳು ಪೆನ್ಸಿಲಿನಿಂದ ಗೂಡನ್ನು ಬರೆಯುತ್ತಾ ಹೋದಳು. "ಇಲ್ಲಿ ತಗ್ಗು, ಇಲ್ಲಿ ಸೌದೆ, ಈ ಕಡೆ ನಾವು ನಿಲ್ಲುತ್ತಿದ್ದೆವು," ಎಂದು ಅಜ್ಜಿಯು ಮೂರು ಸಲ ತಿದ್ದಿಸಿದರು. ಆ ಚಿತ್ರದ ಕೆಳಗೆ 'ಅಜ್ಜಿಯ ನೆನಪಿನಿಂದ ಬರೆದದ್ದು' ಎಂದು ನಮೂದಿಸಿ ವಿಡಿಯೋದಲ್ಲಿ ಹಾಕಿದರು. ಲೆಕ್ಕದ ಪುಸ್ತಕದ ಆರು ಕಾಲಮುಗಳೂ ತುಂಬಿದವು.

ಇದರಿಂದ ಶಾಲೆಯ ನಿಯಮವು ಸ್ಪಷ್ಟವಾಯಿತು. ಯಂತ್ರವು ಕಲ್ಪಿಸಿದ ಚಿತ್ರವನ್ನು ಚರಿತ್ರೆಯ ಸಾಕ್ಷಿಯಾಗಿ ಇಡಕೂಡದು. ಕೈಯಿಂದ ಬರೆದ ಚಿತ್ರವೂ ಕಲ್ಪನೆಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅದು ತಾನು ಬರೆದ ಚಿತ್ರವೆಂದು ಒಪ್ಪಿಕೊಂಡೇ ನಿಲ್ಲುತ್ತದೆ, ಮತ್ತು ಅದರ ಹಿಂದೆ ಕಂಡವರೊಬ್ಬರ ಮಾತಿದೆ. ಮೊದಲನೆಯದಾದರೋ ಛಾಯಾಚಿತ್ರದ ವೇಷವನ್ನು ಹಾಕಿಕೊಂಡು, ಯಾರೂ ಕಾಣದ್ದನ್ನು ಕಂಡಂತೆ ಹೇಳುತ್ತದೆ. ಹಳೆಯ ಚಿತ್ರದ ಮೇಲಣ ಧೂಳಿನ ಕಲೆಯನ್ನು ಒರಸಬಹುದು, ಬೆಳಕನ್ನು ಸರಿಪಡಿಸಬಹುದು. ಇಲ್ಲದವರನ್ನು ಸೇರಿಸುವುದು, ಇದ್ದವರನ್ನು ಅಳಿಸುವುದು ಸಲ್ಲದು.

೬. ದನಿಯನ್ನು ಮುದ್ರಿಸುವುದು

ವಿವರಣೆಯನ್ನು ಓದುವವರು ಯಾರು ಎಂಬ ಪ್ರಶ್ನೆ ಬಂದಾಗ ಗುಂಪಿನವರು ಆ ಹುಡುಗಿಯನ್ನೇ ಆರಿಸಿದರು. ಅವಳ ಕನ್ನಡದಲ್ಲಿ ಮನೆಯ ತುಳುವಿನ ರಾಗವು ಕೇಳಿಬರುತ್ತದೆ. ಯಂತ್ರದ ದನಿಯಿಂದ ಓದಿಸಿದರೆ ಸ್ಫುಟವಾಗಿರುತ್ತದೆಯಲ್ಲವೇ ಎಂದು ಒಬ್ಬರು ತಂದೆ ನಮಗೆ ಸೂಚಿಸಿದರು. ಸ್ಫುಟವಾಗಿರಬಹುದು, ಆದರೆ ನಾವು ಈ ಪಾಠವನ್ನು ಇಟ್ಟಿರುವುದು ಹುಡುಗಿಯ ಬಾಯಿ ಬಿಡಿಸುವುದಕ್ಕೆ. ಅಲ್ಪಪ್ರಾಣ ಮಹಾಪ್ರಾಣಗಳನ್ನೂ ಲಕಾರ ಳಕಾರಗಳನ್ನೂ ಅವಳು ತಿದ್ದಿಕೊಳ್ಳಲಿ. ಊರಿನ ರಾಗವನ್ನು ತಿದ್ದಬೇಕಾಗಿಲ್ಲ. ಕಣ್ಣಿನ ತೊಂದರೆಯಿಂದ ಓದಲಾರದವರಿಗೂ ಮಾತು ಬಾರದವರಿಗೂ ಯಂತ್ರದ ದನಿಯು ಬಹಳ ಉಪಕಾರಿ. ಅಂಥವರಿಗೆ ನಾವು ಸಂತೋಷದಿಂದ ಅಪ್ಪಣೆ ಕೊಡುತ್ತೇವೆ.

ಮುದ್ರಿಸುವುದಕ್ಕೆ ದೊಡ್ಡ ಸಲಕರಣೆಗಳು ಬೇಡ. ಮೊಬೈಲು ಸಾಕು. ಬರಿಯ ಗೋಡೆಗಳ ಕೋಣೆಯಲ್ಲಿ ದನಿಯು ಪ್ರತಿಧ್ವನಿಸುವುದರಿಂದ ಹಾಸಿಗೆ, ಪರದೆ, ಬಟ್ಟೆಗಳಿರುವ ಕೋಣೆಯನ್ನು ಆರಿಸಬೇಕು. ಫ್ಯಾನನ್ನು ನಿಲ್ಲಿಸಬೇಕು. ಮೊಬೈಲನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ನೇರವಾಗಿ ಉಸಿರು ತಾಗದಂತೆ ಸ್ವಲ್ಪ ಪಕ್ಕಕ್ಕೆ ಇರಿಸಬೇಕು. ಮೊದಲು ಐದು ಸೆಕೆಂಡು ಸುಮ್ಮನಿದ್ದು ಕೋಣೆಯ ಮೌನವನ್ನು ಮುದ್ರಿಸಿಕೊಂಡರೆ, ಮುಂದೆ ಹಿನ್ನೆಲೆಯ ಸದ್ದನ್ನು ತೆಗೆಯುವುದಕ್ಕೆ ಅದು ಉಪಯೋಗಕ್ಕೆ ಬರುವುದು. ಇಡೀ ಬರಹವನ್ನು ಒಂದೇ ಸಲ ಓದದೆ ಭಾಗ ಭಾಗವಾಗಿ ಓದಬೇಕು. ತಪ್ಪಿದರೆ ಆ ವಾಕ್ಯವನ್ನು ಮೊದಲಿನಿಂದ ತಿರುಗಿ ಓದಬೇಕು. ಕುಳಿತು ಓದುವುದಕ್ಕಿಂತ ನಿಂತು ಓದಿದರೆ ಉಸಿರು ಚೆನ್ನಾಗಿ ನಿಲ್ಲುವುದು. ಅಡಾಸಿಟಿ ಎಂಬ ಉಚಿತವಾದ ಸಾಫ್ಟ್‌ವೇರಿನಲ್ಲಿ ಈ ತುಣುಕುಗಳನ್ನು ಕತ್ತರಿಸಿ ಜೋಡಿಸಬಹುದು.

೭. ಜೋಡಣೆ

ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಮೂವೀ ಮೇಕರ್ ಎಂಬುದನ್ನು ಬಳಸಿದ್ದೀರಿ. ಅದನ್ನು ಮೈಕ್ರೋಸಾಫ್ಟಿನವರು ೨೦೧೭ರ ಜನವರಿಯಲ್ಲಿ ನಿಲ್ಲಿಸಿದರು. ಈಗ ವಿಂಡೋಸ್ ೧೧ರೊಂದಿಗೆ ಕ್ಲಿಪ್‌ಚಾಂಪ್ ಬರುತ್ತದೆ. ಓಪನ್‌ಶಾಟ್, ಶಾಟ್‌ಕಟ್, ಕೆಡೆನ್‌ಲೈವ್ ಎಂಬವು ಉಚಿತವಾಗಿ ಸಿಗುತ್ತವೆ. ಹೆಸರು ಯಾವುದಾದರೂ ಕ್ರಮವು ಒಂದೇ. ಮೊದಲು ದನಿಯನ್ನು ಸಾಲಿನಲ್ಲಿ ಇಡಬೇಕು. ಆಮೇಲೆ ಪ್ರತಿಯೊಂದು ಮಾತಿನ ಮೇಲೆ ಅದಕ್ಕೆ ತಕ್ಕ ಚಿತ್ರವನ್ನು ಕೂಡಿಸಿ, ಮಾತು ಮುಗಿಯುವ ತನಕ ಎಳೆಯಬೇಕು. ಚಿತ್ರವನ್ನು ಮೊದಲಿಟ್ಟು ಅದಕ್ಕೆ ಮಾತನ್ನು ತುರುಕಿದರೆ ಓಟವು ಕೆಡುತ್ತದೆ.

ಚಿತ್ರದ ಮೇಲೆ ಸರಿಯುವ ಚಲನೆಗೆ ಅರ್ಥವಿರಬೇಕು. ಹೆಂಗಸರ ಸಾಲನ್ನು ತೋರಿಸುವಾಗ ಅವರು ನಡೆಯುವ ದಿಕ್ಕಿಗೇ ಸರಿಯಲಿ. ಒಬ್ಬರ ವಿಷಯ ಹೇಳುವಾಗ ಗುಂಪಿನಿಂದ ಅವರ ಮುಖಕ್ಕೆ ಹತ್ತಿರವಾಗಲಿ. ನಕ್ಷೆಯನ್ನು ಅಲುಗಾಡಿಸದೆ ನಿಲ್ಲಿಸಲಿ. ಒಂದು ಚಿತ್ರದಿಂದ ಮತ್ತೊಂದಕ್ಕೆ ಹೋಗುವಾಗ ತಿರುಗುವ ಚಕ್ರ, ಹಾರುವ ಪುಟ ಮುಂತಾದ ಚಮತ್ಕಾರಗಳು ಬೇಡ. ಸಂಗೀತವನ್ನು ಹಾಕುವುದಾದರೆ ಹಕ್ಕುಳ್ಳವರ ಅಪ್ಪಣೆಯಿಂದ, ಮಾತನ್ನು ಮುಚ್ಚದಷ್ಟು ಮೆಲ್ಲಗೆ ಹಾಕಬೇಕು. ಕಿವಿ ಕೇಳಿಸದವರಿಗಾಗಿ ಮಾತನ್ನು ಕೆಳಗಡೆ ಅಕ್ಷರದಲ್ಲಿಯೂ ತೋರಿಸಬೇಕು. ಕೊನೆಯಲ್ಲಿ ಲೆಕ್ಕದ ಪುಸ್ತಕದಲ್ಲಿದ್ದ ಹೆಸರುಗಳನ್ನು ಕೃತಜ್ಞತೆಯಿಂದ ಸ್ಮರಿಸಬೇಕು.

ವಿಡಿಯೋವನ್ನು ಎಂಪಿ೪ ಎಂಬ ರೂಪದಲ್ಲಿ ಉಳಿಸಿದರೆ ಎಲ್ಲ ಕಡೆಗಳಲ್ಲಿಯೂ ನಡೆಯುವುದು. ಸೆಕೆಂಡಿಗೆ ೮ ಮೆಗಾಬಿಟ್ಟಿನಂತೆ ಉಳಿಸಿದರೆ ೨೪೦ ಸೆಕೆಂಡುಗಳಿಗೆ ೧,೯೨೦ ಮೆಗಾಬಿಟ್ಟುಗಳು, ಎಂದರೆ ಸುಮಾರು ೨೪೦ ಮೆಗಾಬೈಟುಗಳಾಗುತ್ತವೆ. ವಾಟ್ಸಾಪಿನಲ್ಲಿ ಸಾಮಾನ್ಯ ವಿಡಿಯೋದಂತೆ ಕಳುಹಿಸಿದರೆ ಅದು ಚಿತ್ರವನ್ನು ಹಿಂಡಿ ಮಸಕು ಮಾಡುತ್ತದೆ. ಆದಕಾರಣ ಪೆನ್‌ಡ್ರೈವಿನಲ್ಲಿ ತಂದುಕೊಡುವುದು ಉತ್ತಮ. ಮೂಲಚಿತ್ರಗಳನ್ನೂ ದನಿಯ ತುಣುಕುಗಳನ್ನೂ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಉಳಿಸಿಟ್ಟುಕೊಳ್ಳಬೇಕು.

೮. ಹೆತ್ತವರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ಎರಡು ಮಾತು

ಗುಂಪಿನವರ ವಿಡಿಯೋವನ್ನು ಶಾಲೆಯ ಸಭಾಂಗಣದಲ್ಲಿ ತೋರಿಸಿದ ದಿನ ಆ ಅಜ್ಜಿಯೂ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಮುಗಿದ ತರುವಾಯ ಹುಡುಗಿಯರು ಅವರ ಸುತ್ತಲೂ ನೆರೆದು, ಸಂಬಳ ಎಷ್ಟಿತ್ತು, ಮಳೆಗಾಲದಲ್ಲಿ ಹಂಚು ಒಣಗುತ್ತಿತ್ತೋ, ಕೈ ಸುಡುತ್ತಿರಲಿಲ್ಲವೋ ಎಂದು ಒಂದೇ ಸಮನೆ ಕೇಳತೊಡಗಿದರು. ಅವರ ಮೊಮ್ಮಗಳು ಪಕ್ಕದಲ್ಲಿ ನಿಂತು, ತುಳು ಬಾರದವರಿಗೆ ಉತ್ತರಗಳನ್ನು ಕನ್ನಡದಲ್ಲಿ ತಿಳಿಸುತ್ತಿದ್ದಳು. ಈ ಪಾಠದ ಅಂಕಗಳನ್ನು ಕೊಡುವಾಗ ಇದಕ್ಕೆ ಕಾಲಮು ಇಲ್ಲದ್ದರಿಂದ ಇಲ್ಲಿ ಬರೆದಿದ್ದೇವೆ.

ಹೆತ್ತವರು ಮಗಳ ಕೆಲಸವನ್ನು ಮಾಡಿಕೊಡಬೇಕಾಗಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಈ ಚಿತ್ರ ಎಲ್ಲಿಂದ ಬಂತು? ಈ ಮಾತು ನಿಜವೆಂದು ನಿನಗೆ ಹೇಗೆ ತಿಳಿಯಿತು? ಇದನ್ನು ಬಲ್ಲವರು ನಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಇದ್ದಾರೆಯೇ? ಮಕ್ಕಳ ಮುಖ, ಹೆಸರು, ಮನೆಯ ಗುರುತುಗಳಿರುವ ವಿಡಿಯೋವನ್ನು ಎಲ್ಲರಿಗೂ ಕಾಣುವಂತೆ ಜಾಲದಲ್ಲಿ ಹಾಕದೆ ಇರಬೇಕೆಂದು ವಿಶೇಷವಾಗಿ ಬೇಡುತ್ತೇವೆ. ಮನೆಯ ಹಿರಿಯರನ್ನು ಮುದ್ರಿಸುವ ಮೊದಲು ಅವರ ಒಪ್ಪಿಗೆಯನ್ನು ಕೇಳುವ ಮರ್ಯಾದೆಯನ್ನೂ ಮಕ್ಕಳಿಗೆ ಕಲಿಸಿರಿ.

ಹಳೆಯ ವಿದ್ಯಾರ್ಥಿನಿಯರಿಗೆ ನಮ್ಮ ಬಿನ್ನಹ ಇಷ್ಟೇ. ನಿಮ್ಮ ಪೆಟ್ಟಿಗೆಗಳಲ್ಲಿ ಶಾಲೆಯ ಹಳೆಯ ಛಾಯಾಚಿತ್ರಗಳಿದ್ದರೆ ಮುಂದಿನ ತರಗತಿಯವರಿಗೆ ನೋಡಲು ಕೊಡಿರಿ. ಪ್ರತಿಮಾಡಿಕೊಂಡು ಜೋಪಾನವಾಗಿ ಹಿಂದಿರುಗಿಸುವೆವು. ಕೊಡುವ ಮೊದಲು ಹಿಂಭಾಗದಲ್ಲಿ, ಶಾಯಿಯಿಂದಲ್ಲ, ಮೆತ್ತಗಿನ ಪೆನ್ಸಿಲಿನಿಂದ, ಒತ್ತದೆ, ನಿಂತವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆಯಿರಿ. ಉಪಾಧ್ಯಾಯಿನಿಯರ ಹೆಸರನ್ನು ಎಲ್ಲರೂ ಬರೆಯುತ್ತಾರೆ. ಗಂಟೆ ಬಾರಿಸುತ್ತಿದ್ದವರ, ಅಡಿಗೆ ಮಾಡುತ್ತಿದ್ದವರ, ಅಂಗಳ ಗುಡಿಸುತ್ತಿದ್ದವರ ಹೆಸರುಗಳು ನಿಮಗೆ ನೆನಪಿದ್ದರೆ ಅವುಗಳನ್ನೂ ಬರೆಯಿರಿ. ಅವರ ಮೊಮ್ಮಕ್ಕಳು ಇಂದು ನಮ್ಮ ತರಗತಿಗಳಲ್ಲಿ ಇರಬಹುದು.